ಎಲ್ಲಾ ಫೋಲ್ಡರಿಗೂ ‘ಶ್ರೀ’ ಅಂತ ಹೆಸರು

ರಿಟೈರ್ ಆದ ಮ್ಯಾಲ ಸಿಟ್ಟು ಇಳೀತದ ಅಂತ ಎಲ್ಲಾರೂ ಹೇಳಿದ್ರು. ಖರೇ ಅಲ್ಲದು. ಕೆಲಸದಾಗ ಇದ್ದಾಗ ಸಿಟ್ಟು ಬಂದ್ರ ಬಸ್ ಹತ್ತಿ ಮುಂದಿನ ಊರಿನ ಸರಕಾರಿ ಸಾಲಿಗೆ ಹೋಗ್ತಿದ್ದೆ. ಅಲ್ಲಿ ಇನ್ನೊಂದು ಕೆಟ್ಟ ಮಷೀನ ಕಾಯ್ತಿತ್ತು, ಹಿಂದಿನ ಸಿಟ್ಟು ಅದರಾಗ ಮರ್ತು ಹೋಗ್ತಿತ್ತು. ಈಗ ನಮ್ಮೂರು ಕಿಣ್ಣಿ ಸುಲ್ತಾನದಾಗ ಮನಿ ಮುಂದಿನ ಕಟ್ಟಿ ಮ್ಯಾಲ ಕುಂತು ಒಂದೊಂದೇ ನೆನಪ ಮಾಡ್ಕೊಂಡು ಬೈಯ್ಯಾಕ ಬೇಕಾದಷ್ಟು ಪುರಸತ್ತು ಅದ.

ಹೋದ ವಾರ ನನ್ನ ಜಾಗಕ್ಕ ಬಂದ ಹೊಸ ಹುಡುಗಿ ಫೋನ್ ಮಾಡಿದ್ಳು. ಮೇಡಂ ಅನ್ನಂಗಿಲ್ಲ, ಆಕಿನೂ ಎಲ್ಲಾರಂಗ ಬಾಯಾರ ಅಂತಾಳ. "ಬಾಯಾರ, ಒಂದು ಸಾಲ್ಯಾಗ ಕಂಪ್ಯೂಟರಿಗೆ ವೈರಸ್ ಬಂದದರಿ. ಫಾರ್ಮ್ಯಾಟ್ ಹೊಡದು ಬಿಡ್ಲೇನ್ರಿ?" ಅಂದ್ಳು. ನನ್ನ ಮೈಯೆಲ್ಲಾ ಉರೀತು. "ಒಳಗ ಏನದ ಅಂತ ನೋಡಿದೇನು? ಯಾರಿಗರ ಕೇಳಿದೇನು? ಹೊಡೀತೀನಿ ಅಂದ್ರ ಏನು, ಅದೇನು ಚೇಳೇನು ಹೊಡಿಯಾಕ?" ಅಂತ ಬಾಯಿಗೆ ಬಂದಂಗ ಬೈದೆ. ಫೋನ್ ಇಟ್ಟ ಮ್ಯಾಲ ನನಗ ನಾಚಿಕಿ ಆತು. ಆಕಿಗೆ ಯಾರೂ ಕಲಿಸಿಲ್ಲ. ನನಗೂ ಯಾರೂ ಕಲಿಸಿದ್ದಿಲ್ಲ. ಅದಕ್ಕ ಇದನ್ನ ಬರಿಯಾಕತ್ತೇನಿ, ಆಕಿಗೂ, ಆಕಿ ಹಿಂದ ಬರೋರಿಗೂ.

ನನ್ನ ಕೆಲಸ ಏನಿತ್ತಪಾ ಅಂದ್ರ, ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕಿನ ಸರಕಾರಿ ಸಾಲಿಗಳ ಕಂಪ್ಯೂಟರ್ ಕೆಟ್ರ ಹೋಗಿ ರಿಪೇರಿ ಮಾಡೋದು. ಮೂರಕ್ಕೂ ನಾ ಒಬ್ಬಾಕಿ. ಚೀಲದಾಗ ಸ್ಕ್ರೂ ಡ್ರೈವರು, ಬ್ರಷ್ಷು, ನಾಕು ಸಿಡಿ, ಒಂದು ಹೊರಗಿನ ಹಾರ್ಡ್ ಡಿಸ್ಕು, ರೊಟ್ಟಿ ಗಂಟು. ಬಸ್ಸಿಳಿದು ಸಾಲಿ ಅಂಗಳಕ್ಕ ಹೋದ್ರ ಹೆಡ್ ಮಾಸ್ತರು ನನ್ನ ಹಿಂದ ಇಣಕಿ ನೋಡ್ತಿದ್ರು. "ರಿಪೇರಿಯವ್ರು ಎಲ್ಲಿ ಅದಾರ್ರಿ ಬಾಯಾರ?" "ನಿಮ್ಮ ಮುಂದ ನಿಂತೀನಲ್ರೀ ಸರ್, ಇನ್ನೆಲ್ಲಿ ಹುಡುಕ್ತೀರಿ?" ಇದು ವರ್ಷಗಟ್ಟಲೆ ನಡೀತು. ಬಡ್ತಿ ಸುದ್ದಿ ಕೇಳಬ್ಯಾಡ್ರಿ, ಅದು ಬರಿಯೋವಂಥ ಸುದ್ದಿ ಅಲ್ಲ.

ನಮ್ಮ ಸಾಲಿಗಳಿಗೆ ಬಂದ ಕಂಪ್ಯೂಟರ್ ಒಂದೂ ಹೊಸಾದಲ್ಲ. ದೊಡ್ಡ ಊರಿನ ಆಫೀಸಿನವ್ರು ಬಳಸಿ, ಸಾಕಾಗಿ, ಇಡಾಕ ಜಾಗ ಇಲ್ಲಂತ ನಮಗ ದಾನ ಕೊಟ್ಟಿದ್ದು. ದಾನದ ದಿವಸ ಏನು ಸಂಭ್ರಮ ಅಂತೀರಿ! ಮಷೀನಕ್ಕ ಮಾಲಿ, ಕೊಟ್ಟೋರಿಗೆ ಶಾಲು, ಮಕ್ಕಳ ಕೈಲಿಂದ ಸ್ವಾಗತ ಗೀತೆ. ಅವ್ರ ಕಾರು ಊರು ದಾಟೋದ್ರಾಗ ಕಂಪ್ಯೂಟರ್ ಬಂದ್. ನಾ ಹೋಗಿ ಬಿಚ್ಚಿ ನೋಡಿದ್ರ ಒಳಗ ಯಾರ್ದೋ ರಜಾ ಅರ್ಜಿ, ಯಾರ್ದೋ ಮದಿವಿ ಫೋಟೋ, ಮ್ಯಾಲ ಎಷ್ಟು ಬೇಕಷ್ಟು ವೈರಸ್ಸು. ಕೊಡೋಕಿಂತ ಮೊದಲ ಒಂದಿನ ಕುಂತು ಸ್ವಚ್ಛ ಮಾಡಿ ಕೊಡಬೇಕು ಅನ್ನೋ ಖಬರ್ ಒಬ್ಬರಿಗಾದ್ರೂ ಇತ್ತೇನು? ತಮ್ಮ ಹೆಸರಿನ ಸ್ಟಿಕ್ಕರ್ ಮಾತ್ರ ಹೊಸಾದು, ಎಷ್ಟು ತಿಕ್ಕಿದ್ರೂ ಹೋಗದಂಥಾದ್ದು ಅಂಟಿಸಿ ಕಳಸ್ತಿದ್ರು.

ಇನ್ನ ನಮ್ಮ ಮಂದಿ. ಏನ ಕೆಟ್ರೂ ವೈರಸ್ಸೇ. ಜೇವರ್ಗಿ ಕಡೆ ಒಂದು ಸಾಲ್ಯಾಗ ಗುಮಾಸ್ತರು ಅಮಾಸಿಗೊಮ್ಮೆ ಕಂಪ್ಯೂಟರ್ ಡಬ್ಬಿ ಮ್ಯಾಲೇ ಟೆಂಗಿನಕಾಯಿ ಒಡೀತಿದ್ರು, ಲಾರಿ ಮುಂದ ಒಡೀತಾರಲ್ಲ ಹಂಗ. ನೀರು ಸೀಳಿನೊಳಗ ಇಳಿದು, ಸಿಹಿಗೆ ಇರಿವಿ ಸಾಲು ಹಚ್ಚಿ, ಒಳಗ ಸಂಸಾರ ಹೂಡಿದ್ವು. "ಭಾರೀ ವೈರಸ್ ಅದರಿ ಬಾಯಾರ" ಅಂದ್ರು ಗುಮಾಸ್ತರು. ಡಬ್ಬಿ ತಗದು ತೋರಿಸಿ "ಇವು ಇರಿವಿರಿ ಸರ್, ಸಕ್ಕರಿ ಡಬ್ಬಿ ಹತ್ತೋ ಇರಿವಿ" ಅಂದೆ. "ಹಂಗಾದ್ರ ಮುಂದಿನ ಅಮಾಸಿಗೆ ಮಾನಿಟರ್ ಮುಂದ ಒಡೀತೀವ್ರಿ" ಅಂದ್ರು. ಅವತ್ತು ನಕ್ಕು ಬಂದೆ. ನನಗೂ ನಗು ಬರ್ತಿತ್ತು ಆಗ.

ಖರೇ ವೈರಸ್ ಎಲ್ಲಿಂದ ಬರ್ತದ ಅಂತ ಹುಡುಕಾಕ ನನಗ ಭಾಳ ದಿನ ಹಿಡೀತು. ಒಂದು ಸಾಲಿ ಮಷೀನ ತೊಳದಂಗ ಸ್ವಚ್ಛ ಮಾಡಿ ಬರ್ತಿದ್ದೆ, ನಾಕು ದಿನಕ್ಕ ಮತ್ತ ಹಳೇ ಪಾಡು. ಒಮ್ಮೆ ತಲಿ ಕೆಟ್ಟು ಆ ಸಾಲಿ ಗುಮಾಸ್ತನ ಪೆನ್ ಡ್ರೈವ್ ಹಿಂದ ಹಿಂದ ನಾನೂ ಹೋದೆ. ಅದು ಸೀದಾ ಹೋಗಿದ್ದು ಅಫಜಲಪುರ ಬಸ್ ಸ್ಟ್ಯಾಂಡ್ ಮುಂದಿನ ರೇವಣಸಿದ್ದನ ಝೆರಾಕ್ಸ್ ಅಂಗಡಿಗೆ. ಸಾಲ್ಯಾಗ ಪ್ರಿಂಟರ್ ಇಲ್ಲ, ಹಿಂಗಾಗಿ ಸುತ್ತಲ ಊರಿನ ಎಲ್ಲಾ ಸಾಲಿ ಪೆನ್ ಡ್ರೈವೂ ಅಂವನ ಒಂದೇ ಮಷೀನಕ್ಕ ಚುಚ್ಚೋದು, ಎಲ್ಲಾರ ರೋಗನೂ ಎಲ್ಲಾರೂ ಹಂಚಿಕೊಂಡು ಹೋಗೋದು. ಅಂಗಡಿ ಮುಂದ ನಿಂತು ಅಂವಗ ಮುಖಕ್ಕ ಮಂಗಳಾರತಿ ಮಾಡಿದೆ. ಅಂವ ಶಾಂತ. "ಬಾಯಾರ, ನಾ ಬಂದೋರ ಪೆನ್ ಡ್ರೈವ್ ಬ್ಯಾಡ ಅನ್ನಾಕ ಆಗ್ತದೇನ್ರಿ? ನೀವ ಬಂದು ನನ್ನ ಮಷೀನ ನೋಡಿಕೊಂಡು ಹೋಗ್ರಿ" ಅಂದ. ಮಾತು ಬರಾಬರ್ ಇತ್ತು. ಅವತ್ತಿಂದ ಸೋಮವಾರಕ್ಕೊಮ್ಮೆ ಮೊದಲ ಅಂವನ ಅಂಗಡಿ, ಆಮ್ಯಾಲ ಸಾಲಿ. ಅರ್ಧ ತಾಲೂಕಿನ ಕಾಟ ಕಮ್ಮಿ ಆತು. ಹೊಸಬ್ರು ಇದನ್ನ ಬರ್ಕೊಳ್ರಿ: ಕೆಟ್ಟ ಮಷೀನ ಮುಂದ ಕುಂದ್ರೋಕಿಂತ ಮೊದಲ, ಅದರ ಪೆನ್ ಡ್ರೈವ್ ಎಲ್ಲೆಲ್ಲಿ ತಿರಗ್ಯಾಡಿ ಬಂದದ ಅಂತ ಕೇಳ್ರಿ.

ಆ ಕಾಲದಾಗ ಹೆಚ್ಚು ಹೈರಾಣ ಮಾಡಿದ್ದು ಒಂದು ವೈರಸ್ಸು. ಅದು ಫೈಲ್ ಅಳಸ್ತಿದ್ದಿಲ್ಲ, ಮುಚ್ಚಿಡ್ತಿತ್ತು. ನಿಮ್ಮ ಫೋಲ್ಡರ್ ಕಣ್ಣಿಗೆ ಕಾಣದಂಗ ಮಾಡಿ, ಅದರ ಜಾಗದಾಗ ಅದೇ ಹೆಸರಿನ ಸುಳ್ಳ ಫೋಲ್ಡರ್ ಕುಂದರಸ್ತಿತ್ತು. ಅದನ್ನ ಒತ್ತಿದಿರೋ, ವೈರಸ್ಸು ಇನ್ನಷ್ಟು ಕಡೆ ಹಬ್ಬೋದು. ಗುಮಾಸ್ತರು "ಎಲ್ಲಾ ಹೋತ್ರೀ" ಅಂತ ತಲಿ ಮ್ಯಾಲ ಕೈ ಹೊತ್ತು ಕುಂದರ್ತಿದ್ರು. ಗಡಿಬಿಡಿ ಮಾಡೋರು ಫಾರ್ಮ್ಯಾಟ್ ಹೊಡದು, ಖರೇನ ಎಲ್ಲಾ ಕಳೀತಿದ್ರು. ನಾನು ಹಂಗ ಮಾಡ್ತಿದ್ದಿಲ್ಲ. ಹಾರ್ಡ್ ಡಿಸ್ಕು ಬಿಚ್ಚಿ, ಸ್ವಚ್ಛ ಇರೋ ಇನ್ನೊಂದು ಮಷೀನಕ್ಕ ಹಚ್ಚಿ, ಮುಚ್ಚಿಟ್ಟಿದ್ದನ್ನ ತಗದು, ನನ್ನ ಹೊರಗಿನ ಡಿಸ್ಕಿಗೆ ತುಂಬಿಕೊಂಡು, ಆಮ್ಯಾಲೇ ಹಳೇದನ್ನ ಒರಸ್ತಿದ್ದೆ. ನನಗ ಅದರ ಸೊಕ್ಕೂ ಇತ್ತು. "ನನ್ನ ಕೈಯಾಗ ಒಂದು ಫೈಲೂ ಹೋಗಿಲ್ಲ" ಅಂತ ಸಭಾದಾಗ ಎದ್ದು ನಿಂತು ಹೇಳಿದಾಕಿ ನಾನು.

ಈಗ ಮೇನ್ ಹಕೀಕತ್‌ಗೆ ಬರ್ತೇನಿ.

ಚೌಡಾಪುರದ ಹತ್ರ ಭೀಮಾ ನದಿ ದಂಡಿಗೆ ಒಂದು ಊರು. ಹೆಸರು ಬ್ಯಾಡ. ನದಿಗೆ ದೊಡ್ಡ ನೀರು ಬಂದಾಗ ಆ ಊರಿನ ಸಾಲ್ಯಾಗ ಎದಿಮಟ ನೀರು ನಿಂತು, ದಾಖಲಾತಿ ರಜಿಸ್ಟರ್ ಎಲ್ಲಾ ಮುದ್ದಿ ಆಗಿ ಹೋಗಿದ್ವು. ಅಲ್ಲಿ ಗುಮಾಸ್ತ ಗುಂಡಪ್ಪ ಅಂತ, ಕಡಿಮಿ ಮಾತಿನ ಮನಷ್ಯ. ನೀರು ಬರೋಕಿಂತ ಮೊದಲ ಎರಡು ವರ್ಷ ಕುಂತು ಆ ರಜಿಸ್ಟರ್ ಪೂರಾ ದಾನದ ಕಂಪ್ಯೂಟರಿನಾಗ ಟೈಪ್ ಮಾಡಿದ್ದ. ನೀರು ಬಂದ ದಿವಸ ಮನಿ ಸಾಮಾನು ಬಿಟ್ಟು ಕಂಪ್ಯೂಟರ್ ಡಬ್ಬಿ ತಲಿ ಮ್ಯಾಲ ಹೊತ್ಕೊಂಡು ಗುಡಿ ಮಾಳಿಗಿ ಮ್ಯಾಲ ಇಟ್ಟಂವ ಅಂವ. ಆ ಊರಾಗ ಹೆರಿಗಿ ಎಲ್ಲಾ ಮನ್ಯಾಗೇ ಆಗಿದ್ವು, ಆಧಾರ್ ಕಾರ್ಡಿನಾಗ ಅರ್ಧ ಊರಿನ ಮಂದಿ ಜನವರಿ ಒಂದಕ್ಕ ಹುಟ್ಟ್ಯಾರ. ಯಾರು ಯಾವಾಗ ಹುಟ್ಟಿದ್ರು ಅಂತ ಖರೇ ಹೇಳೋದು ಗುಂಡಪ್ಪನ ಆ ಒಂದು ಫೈಲು.

ಆ ಮಷೀನಕ್ಕ ಈ ಮುಚ್ಚಿಡೋ ವೈರಸ್ ಬಂತು. ನಾ ಹೋದೆ, ಡಿಸ್ಕು ಬಿಚ್ಚಿದೆ, ಫೋಲ್ಡರ್ ಹೊರಗ ತಗದೆ. ತಗದು ತೋರಿಸಿದಾಗ ಗುಂಡಪ್ಪನ ಕಣ್ಣಾಗ ನೀರು ಬಂದ್ವು. ಫೈಲ್ ನಾನೇ ತಗದು ನೋಡಿದೆ, ಮೊದಲಿಂದ ಕಡೀತನಕ ಎಲ್ಲಾ ಹೆಸರೂ ಬರಾಬರ್ ಇದ್ವು. ನನ್ನ ಡಿಸ್ಕಿಗೆ ತುಂಬಿಕೊಂಡು, ಅಂವನ ಮಷೀನ ಪೂರಾ ಒರೆಸಿ, ವಿಂಡೋಸ್ ಹಾಕಾಕ ಹಚ್ಚಿದ್ದೆ. ಅಷ್ಟ್ರಾಗ ನಮ್ಮ ಸಾಹೇಬ್ರ ಫೋನು. ನಮ್ಮ ಸಾಹೇಬ್ರು ಅಂದ್ರ, ಮೌಸ್ ಹಿಡಿಯಾಕ ಬರಲಾರದ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು. "ನಾಳೆ ಜೇವರ್ಗಿ ಸಾಲಿಗೆ ಮ್ಯಾಲಿನವ್ರು ಬರಾಕತ್ತ್ಯಾರ, ಅಲ್ಲಿ ಕಂಪ್ಯೂಟರ್ ಚಾಲೂ ಆಗವಲ್ದು, ಎಲ್ಲಿದ್ದೀ ಅಲ್ಲಿಂದ ಎದ್ದು ಬಾ" ಅಂದ್ರು. "ಇಲ್ಲಿ ಕೆಲಸ ಅರ್ಧಕ್ಕ ಅದರಿ ಸಾಹೇಬ್ರ." "ಅದು ಹಳ್ಳಿ ಸಾಲಿ, ಎಲ್ಲಿಗೂ ಓಡಿ ಹೋಗಂಗಿಲ್ಲ. ನೀ ಬಾ." ಗುಂಡಪ್ಪಗ "ಎರಡು ದಿನದಾಗ ಬಂದು ಫೈಲ್ ವಾಪಸ್ ಹಾಕ್ತೇನಿ" ಅಂತ ಹೇಳಿ, ನನ್ನ ಹೊರಗಿನ ಡಿಸ್ಕು ಚೀಲದಾಗ ಹಾಕ್ಕೊಂಡು ಬಸ್ ಹತ್ತಿದೆ.

ಜೇವರ್ಗಿ ಸಾಲ್ಯಾಗೂ ಅದೇ ವೈರಸ್. ಸಾಹೇಬ್ರು ನನ್ನ ಕುರ್ಚಿ ಹಿಂದೇ ನಿಂತು "ಆತೇನು? ಆತೇನು?" ಅಂತ ಜೀವಾ ತಿನ್ನಾಕತ್ತಿದ್ರು. ಅಲ್ಲಿನ ಫೋಲ್ಡರ್ ಹೊರಗ ತಗದು ನನ್ನ ಡಿಸ್ಕಿಗೆ ತುಂಬಾಕ ಹಚ್ಚಿದೆ. ಪರದಾ ಮ್ಯಾಲ ಒಂದು ಪ್ರಶ್ನಿ ಬಂತು: ಈ ಹೆಸರಿನದು ಇಲ್ಲಿ ಮೊದಲ ಅದ, ಅದರ ಮ್ಯಾಲೇ ಇದನ್ನ ಬರೀಲೇನು? ನಾ ಓದಲಿಲ್ಲ. ದಿನಕ್ಕ ನೂರು ಸಲ ಹಿಂಥಾ ಪ್ರಶ್ನಿ ಬರ್ತಾವ. ‘ಎಲ್ಲಾದಕ್ಕೂ ಹೌದು’ ಅಂತ ಒತ್ತಿದೆ.

ನಮ್ಮ ಕಡೆ ಹೊಸ ವಹಿ ತಗದ್ರ ಮೊದಲನೇ ಪುಟದ ಮ್ಯಾಲ ‘ಶ್ರೀ’ ಅಂತ ಬರೀದೇ ಒಂದಕ್ಷರ ಮುಂದ ಹೋಗಂಗಿಲ್ಲ. ಕಂಪ್ಯೂಟರ್ ಬಂದಾಗ ಮೂರೂ ತಾಲೂಕಿನ ಗುಮಾಸ್ತರಿಗೆ ಎರಡು ದಿನದ ತರಬೇತಿ ಆಗಿತ್ತು. ಕಲಿಸಿದ ಮಾಸ್ತರು "ಮೊದಲ ಫೋಲ್ಡರ್ ಮಾಡ್ರಿ, ‘ಶ್ರೀ’ ಅಂತ ಹೆಸರಿಡ್ರಿ, ಅದರಾಗ ಮೊದಲ ಫೈಲ್ ‘ಶ್ರೀ ದಾಖಲಾತಿ’ ಅನ್ರಿ" ಅಂದಿದ್ರು. ಎಲ್ಲಾರೂ ಭಕ್ತಿಲಿಂದ ಹಂಗೇ ಮಾಡಿದ್ರು. ಮೂರು ತಾಲೂಕಿನಾಗ ಯಾವ ಮಷೀನ ತಗದ್ರೂ ‘ಶ್ರೀ’, ಅದರೊಳಗ ‘ಶ್ರೀ ದಾಖಲಾತಿ’. ಇದು ನನಗ ಗೊತ್ತಿದ್ದಿಲ್ಲೇನು? ಚಲೋತ್ನ್ಯಾಗಿ ಗೊತ್ತಿತ್ತು! ಪ್ರತಿ ಸಾಲಿಗೆ ಬ್ಯಾರೆ ಫೋಲ್ಡರ್ ಮಾಡಿ, ಊರ ಹೆಸರು ಹಾಕಿ, ಅದರಾಗ ತುಂಬ್ತಿದ್ದೆ. ಗುಂಡಪ್ಪನ ಕಡೆ ಖುಷಿಯಾಗ ಮರ್ತೆ, ಜೇವರ್ಗಿಯಾಗ ಗಡಿಬಿಡಿ, ಎರಡೂ ಕಡೆ ಊರ ಹೆಸರು ಹಾಕಲಿಲ್ಲ. ಸಾಹೇಬ್ರಿಗೆ ಎಷ್ಟು ಬೈದ್ರೂ, ಒತ್ತಿದ ಬೆರಳು ನಂದು.

ಎರಡು ದಿನ ಬಿಟ್ಟು ಗುಂಡಪ್ಪನ ಸಾಲಿಗೆ ಹೋಗಿ, ಫೈಲ್ ವಾಪಸ್ ಹಾಕಿ, "ತಗೋಪಾ ನಿನ್ನ ಜೀವಾ" ಅಂತ ಚಾಷ್ಟಿ ಮಾಡಿದೆ. ಅಂವ ತಗದ. ಓದಿದ. ಕೆಳಗ ಸರಿಸಿದ, ಮತ್ತ ಓದಿದ. "ಬಾಯಾರ, ಇವ್ರು ನಮ್ಮೂರ ಮಂದಿ ಅಲ್ರಿ" ಅಂದ.

ಬಗ್ಗಿ ನೋಡಿದೆ. ಜೇವರ್ಗಿ ಸಾಲಿ ಹುಡುಗರ ಹೆಸರು.

ಸಾಹೇಬ್ರಿಗೆ ಹೋಗಿ ಹೇಳಿದೆ. ಅವ್ರು ಚಾ ಕಪ್ಪು ಸೈತ ಕೆಳಗಿಡಲಿಲ್ಲ. "ಅದಕ್ಯಾಕ ಅಳ್ತೀ? ವೈರಸ್ ಹಾವಳಿ ಅಂತ ಬರಿ" ಅಂದ್ರು. ಅವ್ರಿಗೆ ಎಲ್ಲಾದಕ್ಕೂ ಅದೊಂದು ಸಬೂಬು. ವರದಿ ಕಳಸೋದು ತಡ ಆದ್ರ ವೈರಸ್ಸು, ಲೆಕ್ಕದಾಗಿನ ಮಾನಿಟರ್ ಕಾಣಲಿಲ್ಲ ಅಂದ್ರ ವೈರಸ್ಸು. ತಾವೇ ಹೇಳಿ ಬರೆಸಿದ್ರು: ‘ನಾವು ಹೋಗುವಷ್ಟರಲ್ಲಿ ಸದರಿ ಕಂಪ್ಯೂಟರಿನಲ್ಲಿದ್ದ ಮಾಹಿತಿ ವೈರಸ್ ಹಾವಳಿಯಿಂದ ಪೂರ್ತಿ ಹಾಳಾಗಿದ್ದು, ಏನೂ ಓದಲು ಸಿಕ್ಕಿರುವುದಿಲ್ಲ.’ ನಾನೇ ನನ್ನ ಕಣ್ಣಿಲಿಂದ ಓದಿದ ಫೈಲಿಗೆ, ಓದಾಕ ಸಿಕ್ಕಿಲ್ಲ ಅಂತ ಸಹಿ ಮಾಡಿದೆ. ಅಳಿಸಿದ್ದನ್ನ ತಗಿಯೋ ಸಾಫ್ಟ್‌ವೇರ್ ಅದಾವ, ಹೆಂಗರ ಮಾಡಿ ತಗದು ಕೊಟ್ಟು ಬಿಟ್ರ ಯಾರಿಗೂ ಗೊತ್ತಾಗಂಗಿಲ್ಲ ಅಂತ ಮನಸಿನಾಗ ಲೆಕ್ಕ ಹಾಕಿದ್ದೆ.

ಮುಂದಿನ ವಾರ ಆಳಂದದ ನಮ್ಮ ಆಫೀಸಿಗೆ ಒಬ್ಬಾಕಿ ಬಂದ್ಳು. ನೀಲಮ್ಮ ಅಂತ, ಗುಂಡಪ್ಪನ ಊರಾಕಿ, ತೊಗರಿ ಹೊಲಕ್ಕ ಕೂಲಿಗೆ ಹೋಗಾಕಿ. ಸರಕಾರಿ ಹಾಸ್ಟೆಲ್ ಒಂದ್ರಾಗ ಅಡಗಿ ಸಹಾಯಕಿ ಜಾಗ ಖಾಲಿ ಇತ್ತು. ಏಳನೇತ್ತ ಓದಿರಬೇಕು, ವಯಸ್ಸು ಮೂವತ್ತೈದರೊಳಗ ಇರಬೇಕು. ಆಕಿ ಏಳನೇತ್ತ ಓದಿದಾಕಿ, ಆಕಿಗೆ ಮೂವತ್ನಾಕು. ಆದ್ರ ಆಧಾರ್ ಕಾರ್ಡಿನಾಗ ಯಾರೋ ಅಂದಾಜಿಲಿಂದ ಬರ್ದು ಮೂವತ್ತೊಂಬತ್ತು ಮಾಡಿಟ್ಟಿದ್ರು. ಆಕಿ ಹತ್ರ ಇದ್ದ ಟಿಸಿ ಮನಿ ಸಂಗಟ ನೀರಾಗ ಹೋಗಿತ್ತು. ಸಾಲಿ ದಾಖಲಾತಿ ಉತಾರ, ಅಂದ್ರ ರಜಿಸ್ಟರಿನ ನಕಲು, ಒಂದು ಸಿಕ್ರ ಅರ್ಜಿ ಹಾಕಬಹುದು. ಈ ವರ್ಷ ತಪ್ಪಿದ್ರ ಮುಂದಿನ ಸಲ ಖರೇ ವಯಸ್ಸೇ ದಾಟಿ ಹೋಗ್ತದ. ಅರ್ಜಿ ಹಾಕಾಕ ಇನ್ನ ಒಂದು ತಿಂಗಳ ಟೈಮ್ ಇತ್ತು.

"ನನ್ನ ಹೆಸರು ಕಂಪ್ಯೂಟರಿನಾಗ ಇತ್ತಂತಲ್ರೀ ಬಾಯಾರ, ವೈರಸ್ ತಿಂತಂತಲ್ರೀ" ಅಂದ್ಳು. "ಹೌದವಾ, ವೈರಸ್ಸು" ಅಂದೆ. ಆಕಿ ನನ್ನ ಕಾಲಿಗೆ ಬಗ್ಗಾಕ ಬಂದ್ಳು. "ಹೆಂಗರ ಮಾಡಿ ತಗದು ಕೊಡ್ರಿ ನಮ್ಮವ್ವ. ಹೊಲದಾಗ ಕುಂತು ಎದ್ದು ಮಣಕಾಲು ಸತ್ತಾವ. ಅಡಗಿ ಕೆಲಸ ನೆಳ್ಳಿನ್ಯಾಗ ನಿಂತು ಮಾಡ್ತೇನ್ರಿ." "ಒಂದು ವಾರ ಬಿಟ್ಟು ಬಾ, ತಗೀತೇನಿ" ಅಂದು ಕಳಿಸಿದೆ.

ಒಂದು ವಾರಕ್ಕ ಬಂದ್ಳು. ಇಲ್ಲ. ಮತ್ತೊಂದು ವಾರಕ್ಕ ಬಂದ್ಳು. ಇಲ್ಲ. ಸಿಕ್ಕ ಸಾಫ್ಟ್‌ವೇರ್ ಎಲ್ಲಾ ಓಡಿಸಿ ನೋಡಿದೆ. ಒರೆಸಿದ ಮಷೀನದ ಮ್ಯಾಲ ನಾನೇ ವಿಂಡೋಸ್ ಹಾಕಿದ್ದೆ, ನನ್ನ ಡಿಸ್ಕಿನ ಮ್ಯಾಲ ಜೇವರ್ಗಿ ಫೈಲ್ ಕುಂತಿತ್ತು. ತುಂಡು ತುಂಡು ಅಕ್ಷರ ಸಿಗ್ತಿದ್ವು, ಅದರಾಗ ಒಂದೂ ಪೂರಾ ಹೆಸರಿಲ್ಲ. ಮೂರನೇ ವಾರ ಬಂದಾಗ ನಾ ಆಕಿ ಮ್ಯಾಲೇ ಹರಿಹಾಯ್ದೆ. "ದಿನಾ ಬಂದು ಬಾಗಲಾಗ ಕುಂತ್ರ ವೈರಸ್ ಹೋಗ್ತದೇನು?" ಅಂದೆ. ಆಕಿ ಸೆರಗು ಸರಿ ಮಾಡ್ಕೊಂಡು "ತಪ್ಪಾತ್ರಿ ಬಾಯಾರ" ಅಂದು ಎದ್ದು ಹೋದ್ಳು. ತಪ್ಪು ನಂದು, ಆಕಿ ‘ತಪ್ಪಾತು’ ಅಂದು ಹೋದ್ಳು! ಇವತ್ತಿಗೂ ಅದು ನೆನಪಾದ್ರ ನನ್ನ ಕೆನ್ನಿಗೆ ನಾನೇ ಹೊಡಕೋಬೇಕು ಅನಸ್ತದ.

ಮರುದಿನ ಗುಂಡಪ್ಪ ಆಫೀಸಿಗೆ ಬಂದ. ಅಂವ ಎಂದೂ ನನಗ ಎದುರು ಮಾತಾಡಿದಂವ ಅಲ್ಲ. "ಬಾಯಾರ, ನೀಲಮ್ಮನ ಸಲುವಾಗಿ ನಮ್ಮ ಹೆಡ್ ಮಾಸ್ತರು ಮ್ಯಾಲಿನ ಆಫೀಸಿಗೆ ಹೋಗಿ ಕೇಳಿ ಬಂದಾರ್ರಿ. ದಾಖಲೆ ಖರೇನ ಇತ್ತು, ಓದಿದೋರು ಅದಾರ, ಸಿಬ್ಬಂದಿ ಕೈತಪ್ಪಿಲಿಂದ ಅಳಿಸಿ ಹೋಗ್ಯದ ಅಂತ ಬರವಣಿಗಿ ಇದ್ರ, ಹಳೇ ಮಾಸ್ತರ ಹೇಳಿಕಿ, ಓರಗಿಯವ್ರ ಟಿಸಿ ನೋಡಿ ಹೊಸದಾಗಿ ದಾಖಲೆ ಮಾಡಾಕ ಬರ್ತದಂತ್ರಿ. ನಿಮ್ಮ ವರದಿಯಾಗ ಏನೂ ಓದಾಕ ಸಿಕ್ಕಿಲ್ಲ ಅಂತದ. ಹಿಂಗಾಗಿ ಇವ್ರ ಹೆಸರು ಇತ್ತೋ ಇಲ್ಲೋ ಯಾರಿಗೆ ಗೊತ್ತು ಅಂತ ಕಡತ ಮುಚ್ಚ್ಯಾರ್ರಿ." ಆಮ್ಯಾಲ ನೆಲ ನೋಡ್ಕೊಂತ, "ನೀವು ಓದಿದ್ರಲ್ರೀ. ನನ್ನ ಮುಂದೇ ಓದಿದ್ರಿ" ಅಂದ.

ಅವತ್ತೇ ಬರ್ದೆ. ‘ವೈರಸ್ ಅಲ್ಲ. ಫೈಲ್ ಪೂರ್ತಿ ಇತ್ತು, ನಾನೇ ತೆರೆದು ಓದಿದ್ದೇನೆ. ನನ್ನ ಕೈತಪ್ಪಿನಿಂದ ಅಳಿಸಿ ಹೋಗಿದೆ. ಮೊದಲಿನ ವರದಿ ಸುಳ್ಳು.’ ಸಾಹೇಬ್ರು ಕುಣಿದಾಡಿದ್ರು. "ನೀ ಮುಳುಗಾಕಿ ಮುಳುಗು, ನನ್ನ ಯಾಕ ಎಳೀತಿ? ಹರಿದು ಹಾಕು ಅದನ್ನ!" ಅಂದ್ರು. "ನೀವು ಬರೆಸಿದ್ದನ್ನೂ ಬರಿಯಾಕಿದ್ದೆ, ಬಿಟ್ಟೇನಿ. ಇನ್ನೊಂದು ಮಾತಾಡಿದ್ರ ಸೇರಸ್ತೇನಿ" ಅಂದೆ. ಜಿಂದಗಿದಾಗ ಅವ್ರು ನನ್ನ ಮುಂದ ಸುಮ್ಮ ಕುಂತಿದ್ದು ಅದೊಂದೇ ದಿನ. ನನಗ ನೋಟೀಸ್ ಬಂತು, ವಿಚಾರಣಿ ಆತು, ಆಗೋದೆಲ್ಲಾ ಆತು. ಅದನ್ನ ಹೇಳ್ಕೊಂಡು ಅಳಾಕ ಇದನ್ನ ಬರಿಯಾಕತ್ತಿಲ್ಲ.

ಗುಂಡಪ್ಪ ಗಾಣಗಾಪುರದಾಗಿದ್ದ ಹಳೇ ಮಾಸ್ತರ್ನ ಹುಡುಕಿ ಹೇಳಿಕಿ ಬರೆಸಿದ. ಓರಗಿಯವ್ರ ಟಿಸಿ ಕೂಡಿಸಿದ. ಆಫೀಸಿನಿಂದ ಆಫೀಸಿಗೆ ಕಡತ ತಾನೇ ಹಿಡಕೊಂಡು ಅಡ್ಡಾಡಿದ. ಮೂರು ವಾರ ಹಿಡೀತು.

ಒಂದಿನ ಮಧ್ಯಾಹ್ನ ನೀಲಮ್ಮ ಮತ್ತ ಬಂದ್ಳು. ಬಾಗಲಾಗ ಕುಂದ್ರಲಿಲ್ಲ, ಸೀದಾ ಒಳಗ ಬಂದು ನನ್ನ ಟೇಬಲ್ ಮ್ಯಾಲ ಒಂದು ಕಾಗದ ಇಟ್ಳು. ಸಾಲಿ ಉತಾರ. ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಖು, ಮ್ಯಾಲ ದುಂಡನ್ನ ಸಿಕ್ಕಾ. ನನಗ ಖುಷಿ ಆಗಿ "ಬಂತಲ್ಲವಾ! ಇನ್ನ ಅರ್ಜಿ ಹಾಕು" ಅಂದೆ.

"ಅರ್ಜಿ ಬಂದ್ ಆಗಿ ಹನ್ನೆರಡು ದಿನ ಆತ್ರಿ" ಅಂದ್ಳು. "ನಿನ್ನೆ ಹೋಗಿ ಕೇಳಿದ್ನಿ. ಜಾಗಕ್ಕ ಬ್ಯಾರೆಯಾಕಿ ಬಂದಾಳ್ರಿ."

ಆಕಿ ಕಾಗದ ಮಡಚಿ, ಪ್ಲಾಸ್ಟಿಕ್ ಚೀಲದಾಗ ಹಾಕಿ, ಸೊಂಟಕ್ಕ ಸಿಗಿಸಿಕೊಂಡ್ಳು. ಅಳಲಿಲ್ಲ, ಬೈಯಲಿಲ್ಲ. ಹೊರಗ ಹೋಗಾಕ ಹೊರಳಿದಾಕಿ ನಿಂತು, ಖರೇನ ತಿಳಕೋಬೇಕು ಅನ್ನೋರಂಗ ನನ್ನ ಮುಖ ನೋಡಿ ಕೇಳಿದ್ಳು:

"ಮೊದಲ ದಿನಾನೇ ಖರೇ ಹೇಳಿದ್ರ ನಾ ಏನು ನಿಮಗ ಹೊಡೀತಿದ್ನೇನ್ರೀ ಬಾಯಾರ?"